ಮೈಯ ನೀರಿನ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 19 ವರ್ಷದಿಂದ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್. ನಾವು ದಿನಾ ಬರೆಯುವ ಒಂದು ಹಾಳೆ ಇದೆ, ಇನ್‌ಟೇಕ್-ಔಟ್‌ಪುಟ್ ಚಾರ್ಟ್ ಅಂತ. ರೋಗಿಯ ಮೈಗೆ ಎಷ್ಟು ನೀರು ಹೋಯಿತು, ಮೈಯಿಂದ ಎಷ್ಟು ಬಂತು ಅನ್ನುವ ಲೆಕ್ಕ ಅದು. ಕಾಫಿ ಎಷ್ಟು, ಗಂಜಿ ಎಷ್ಟು, ಡ್ರಿಪ್ ಎಷ್ಟು; ಮೂತ್ರ ಎಷ್ಟು, ವಾಂತಿ ಎಷ್ಟು. ಅದನ್ನು ಬರೆಯುತ್ತಾ ನಿಂತಾಗ ರೋಗಿಯ ಕಡೆಯವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೈಯೊಳಗೆ ನೀರು ಒಂಟಿಯಾಗಿ ಓಡಾಡುವುದಿಲ್ಲ, ಅದರ ಜೊತೆ ಉಪ್ಪು ಇದ್ದೇ ಇರುತ್ತದೆ. ನಾನು ನೋಡಿದ ಹೆಚ್ಚಿನ ತೊಂದರೆಗಳೆಲ್ಲ ಈ ಜೋಡಿಯಲ್ಲಿ ಒಂದನ್ನು ಮರೆತದ್ದರಿಂದ ಬಂದಂಥವು.

ನಮ್ಮ ಮೈಯಲ್ಲಿ ನಿಜಕ್ಕೂ ಎಷ್ಟು ನೀರಿದೆ? ಎಲ್ಲಿದೆ?

60 ಕಿಲೋ ತೂಕದ ಗಂಡಸಿನ ಮೈಯಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ. ಅಂದರೆ ತೂಕದಲ್ಲಿ ನೂರಕ್ಕೆ 60 ಪಾಲು. ಹೆಂಗಸರಲ್ಲಿ ಸ್ವಲ್ಪ ಕಡಿಮೆ, ನೂರಕ್ಕೆ 50ರಿಂದ 55. ಕೊಬ್ಬಿನಲ್ಲಿ ನೀರು ಕಡಿಮೆ ಇರುವುದೇ ಈ ವ್ಯತ್ಯಾಸಕ್ಕೆ ಕಾರಣ. ಆಗ ತಾನೇ ಹುಟ್ಟಿದ ಮಗುವಿನಲ್ಲಿ 75ರ ಹತ್ತಿರ ಇರುತ್ತದೆ. ವಯಸ್ಸಾದಂತೆ 50ರ ಆಸುಪಾಸಿಗೆ ಇಳಿಯುತ್ತದೆ.

ಈ 36 ಲೀಟರ್ ಒಂದೇ ಕೊಡದಲ್ಲಿ ತುಂಬಿಟ್ಟ ಹಾಗಿಲ್ಲ. 24 ಲೀಟರ್ ಜೀವಕೋಶಗಳ ಒಳಗಿದೆ, 12 ಲೀಟರ್ ಹೊರಗಿದೆ. ಹೊರಗಿನ 12ರಲ್ಲಿ ರಕ್ತದ ತಿಳಿಭಾಗವಾದ ಪ್ಲಾಸ್ಮಾದಲ್ಲಿ ಇರುವುದು ಬರೀ 3 ಲೀಟರ್. ಮಿಕ್ಕಿದ್ದು ಜೀವಕೋಶಗಳ ಸಂದಿಯಲ್ಲಿ. ವಾಂತಿ ಭೇದಿಯಲ್ಲಿ ಮೊದಲು ಖಾಲಿಯಾಗುವುದು ಹೊರಗಿನ ಈ ಸಣ್ಣ ಪಾಲು. ಗಟ್ಟಿಮುಟ್ಟಾದ ಮನುಷ್ಯ ಒಂದೇ ರಾತ್ರಿಯಲ್ಲಿ ಎದ್ದು ನಿಲ್ಲಲಾರದಂತೆ ಆಗುವುದು ಅದಕ್ಕೇ.

ನೀರಿನ ವಿಷಯದಲ್ಲಿ ಉಪ್ಪು ಯಾಕೆ ಬಂತು?

ಉಪ್ಪಿನಕಾಯಿ ಹಾಕುವವರಿಗೆ ಇದು ಗೊತ್ತೇ ಇದೆ. ಮಾವಿನಕಾಯಿ ಹೋಳಿಗೆ ಕಲ್ಲುಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮಾರನೇ ದಿನ ನೀರು ಬಿಟ್ಟಿರುತ್ತದೆ, ಹೋಳು ಮುದುಡಿರುತ್ತದೆ. ನಾವು ಒಂದು ತೊಟ್ಟು ನೀರನ್ನೂ ಹಾಕಿಲ್ಲ. ಹೋಳಿನ ಒಳಗಿದ್ದ ನೀರನ್ನು ಉಪ್ಪು ಎಳೆದುಕೊಂಡಿದೆ. ಒಣದ್ರಾಕ್ಷಿಯನ್ನು ನೀರಲ್ಲಿ ನೆನೆಹಾಕಿದರೆ ಇದೇ ಆಟ ತಿರುಗುಮುರುಗು. ಹೊರಗಿನ ನೀರು ಒಳಗೆ ಹೋಗಿ ದ್ರಾಕ್ಷಿ ಊದುತ್ತದೆ.

ನಮ್ಮ ಜೀವಕೋಶಗಳೂ ಹೀಗೆಯೇ. ಹೊರಗೆ ಉಪ್ಪು ಜಾಸ್ತಿಯಾದರೆ ಮುದುಡುತ್ತವೆ, ಕಡಿಮೆಯಾದರೆ ಊದುತ್ತವೆ. ಹೊರಗಿನ ನೀರಿನಲ್ಲಿ ಮುಖ್ಯವಾಗಿ ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಇರುತ್ತದೆ, ಒಳಗಿನ ನೀರಿನಲ್ಲಿ ಪೊಟ್ಯಾಸಿಯಂ. ಈ ಎರಡನ್ನೂ ಅವವುಗಳ ಜಾಗದಲ್ಲಿ ಇಡಲು ಪ್ರತಿ ಜೀವಕೋಶದ ಗೋಡೆಯಲ್ಲೂ ಸಣ್ಣ ಪಂಪುಗಳಿವೆ. ಒಂದೊಂದು ಸುತ್ತಿಗೆ 3 ಸೋಡಿಯಂ ಆಚೆಗೆ, 2 ಪೊಟ್ಯಾಸಿಯಂ ಒಳಕ್ಕೆ. ಇಂಥ ಪಂಪು ಇದೆ ಅಂತ 1957ರಲ್ಲಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೌ. ಅವರಿಗೆ ನೊಬೆಲ್ ಸಿಕ್ಕಿದ್ದು 40 ವರ್ಷ ಕಳೆದ ಮೇಲೆ, 1997ರಲ್ಲಿ. ನೀವು ಇದನ್ನು ಓದುತ್ತಿರುವಾಗಲೂ ಆ ಪಂಪುಗಳು ನಿಂತಿಲ್ಲ.

ರಕ್ತ ಪರೀಕ್ಷೆಯ ವರದಿಯಲ್ಲಿ ಸೋಡಿಯಂ 135ರಿಂದ 145 ಅಂತ ಬರೆದಿರುವುದನ್ನು ನೋಡಿರುತ್ತೀರಿ. ಎಷ್ಟು ಸಣ್ಣ ಕಿಂಡಿ ಅದು ನೋಡಿ. ನೀವು ಮದುವೆಯೂಟ ಮಾಡಿ, ಹಪ್ಪಳ ಉಪ್ಪಿನಕಾಯಿ ತಿಂದು, ಮೇಲೆ ಎರಡು ಚೊಂಬು ನೀರು ಕುಡಿದರೂ ಆ ಅಂಕಿ ಅಷ್ಟರೊಳಗೇ ಇರುತ್ತದೆ.

ಆ ಲೆಕ್ಕವನ್ನು ಇಡುವವರು ಯಾರು?

ಮಿದುಳು ಮತ್ತು ಕಿಡ್ನಿ ಇಬ್ಬರೂ ಸೇರಿ. ಮಿದುಳಿನ ಬುಡದಲ್ಲಿ ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ನೋಡುತ್ತಲೇ ಇರುವ ಜೀವಕೋಶಗಳಿವೆ. ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಏರಿದರೆ ಸಾಕು, ಅಲ್ಲಿಂದ ವ್ಯಾಸೊಪ್ರೆಸಿನ್ ಅನ್ನುವ ಹಾರ್ಮೋನ್ ಹೊರಡುತ್ತದೆ. ‘ನೀರು ಬಿಡಬೇಡ, ಹಿಡಿದಿಟ್ಟುಕೋ’ ಅಂತ ಕಿಡ್ನಿಗೆ ಹೋಗುವ ಸುದ್ದಿ ಅದು. ಅದರ ಹಿಂದೆಯೇ ಬಾಯಾರಿಕೆಯೂ ಶುರುವಾಗುತ್ತದೆ.

ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಪ್ಲಾಸ್ಮಾ ಇರುವುದೇ 3 ಲೀಟರ್ ಅಲ್ವಾ? ಅಂದರೆ ಅದೇ ನೀರು ದಿನಕ್ಕೆ 60 ಸಲ ಸೋಸಿ ಬರುತ್ತದೆ. ಅದರಲ್ಲಿ ಮೂತ್ರವಾಗಿ ಹೋಗುವುದು ಒಂದೂವರೆ ಲೀಟರಿನಷ್ಟು ಮಾತ್ರ. ಉಳಿದದ್ದೆಲ್ಲ ವಾಪಸ್. ವ್ಯಾಸೊಪ್ರೆಸಿನ್ ಬಂದಾಗ ಕಿಡ್ನಿಯ ಕೊನೆಯ ನಳಿಗೆಗಳಲ್ಲಿ ನೀರಿಗೆ ಅಂತಲೇ ಇರುವ ಬಾಗಿಲುಗಳು ಜಾಸ್ತಿಯಾಗುತ್ತವೆ, ನೀರು ಅಲ್ಲಿಂದ ರಕ್ತಕ್ಕೆ ಮರಳುತ್ತದೆ. ಆ ಬಾಗಿಲುಗಳ ಹೆಸರು ಅಕ್ವಾಪೊರಿನ್. ಅವನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು.

ಮದ್ಯ ಈ ಹಾರ್ಮೋನನ್ನು ತಡೆಯುತ್ತದೆ. ಕುಡಿದವರಿಗೆ ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾಗುವುದು, ಬೆಳಿಗ್ಗೆ ಬಾಯಿ ಒಣಗುವುದು ಇದರಿಂದಲೇ.

ದಿನಕ್ಕೆ 8 ಲೋಟ ನೀರು ಕುಡಿಯಲೇಬೇಕಾ?

ಎಲ್ಲರಿಗೂ ಒಂದೇ ಅಳತೆ ಅನ್ನುವುದು ಇಲ್ಲ. 1945ರಲ್ಲಿ ಅಮೆರಿಕದ ಆಹಾರ ಮಂಡಳಿ ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕು ಅಂತ ಹೇಳಿತ್ತು. ಅದರಲ್ಲಿ ಹೆಚ್ಚಿನ ಪಾಲು ತಿನ್ನುವ ಆಹಾರದಲ್ಲೇ ಇರುತ್ತದೆ ಅಂತಲೂ ಅಲ್ಲೇ ಬರೆದಿತ್ತು. ಜನ ಮೊದಲನೇ ಮಾತನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟರು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಹೇಳಿದ ಅಳತೆ ಹೆಂಗಸರಿಗೆ 2 ಲೀಟರ್, ಗಂಡಸರಿಗೆ ಎರಡೂವರೆ ಲೀಟರ್. ಇದರಲ್ಲೂ ಊಟದ ನೀರು ಸೇರಿದೆ. ಅದು ತಂಪು ಹವೆಯ ಕಡೆಯ ಲೆಕ್ಕ. ನಮ್ಮ ಬೇಸಿಗೆಗೆ ಅದು ಸಾಲದು.

ನಮ್ಮ ಊಟವನ್ನೇ ನೋಡಿ. ಅನ್ನ, ಮುದ್ದೆ ನೀರಲ್ಲೇ ಬೆಂದದ್ದು. ಸಾರು, ಹುಳಿ, ಮಜ್ಜಿಗೆ ಎಲ್ಲ ನೀರೇ. ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರು. ಇದರ ಜೊತೆಗೆ ತಿಂದ ಆಹಾರ ಮೈಯಲ್ಲಿ ಕರಗುವಾಗ ದಿನಕ್ಕೆ 300 ಮಿಲಿಯಷ್ಟು ನೀರು ತಾನಾಗಿ ಹುಟ್ಟುತ್ತದೆ. ಇನ್ನು ಖರ್ಚಿನ ಕಡೆ ನೋಡಿದರೆ ಉಸಿರಿನಲ್ಲಿ, ಚರ್ಮದಿಂದ ಸುಮ್ನೆ ಆರಿಹೋಗುವುದೇ 700-800 ಮಿಲಿ. ಇದಕ್ಕೆ ಬೆವರಿನ ಲೆಕ್ಕ ಸೇರಿಲ್ಲ. ನೆರಳಲ್ಲಿ ಕೂತು ಕೆಲಸ ಮಾಡುವವರಿಗೆ ಬಾಯಾರಿದಾಗ ಕುಡಿದರೆ ಸಾಕು. ಗಾರೆ ಕೆಲಸದವರಿಗೆ, ಹೊಲದಲ್ಲಿ ಬಾಗಿ ಕಳೆ ಕೀಳುವವರಿಗೆ 8 ಲೋಟ ಏನೇನೂ ಸಾಲದು.

ಬಾಯಾರಿಕೆಯನ್ನು ನಂಬಬಹುದಾ?

ಆರೋಗ್ಯವಾಗಿರುವ ದೊಡ್ಡವರು ನಂಬಬಹುದು. ನೀರು ಕುಡಿದ ಕೂಡಲೇ ದಾಹ ಇಳಿಯುತ್ತದೆ. ಆ ನೀರು ಇನ್ನೂ ರಕ್ತಕ್ಕೆ ಸೇರಿರುವುದೇ ಇಲ್ಲ. ‘ಬಂತು’ ಅಂತ ಬಾಯಿ, ಗಂಟಲು ಮಿದುಳಿಗೆ ಮೊದಲೇ ತಿಳಿಸಿಬಿಡುತ್ತವೆ.

ವಯಸ್ಸಾದವರಿಗೆ ಮಾತ್ರ ಈ ಮಾತು ಹೊಂದುವುದಿಲ್ಲ. ಅವರಿಗೆ ಬಾಯಾರಿಕೆಯೇ ಕಡಿಮೆಯಾಗಿರುತ್ತದೆ. ಸಾಲದ್ದಕ್ಕೆ ರಾತ್ರಿ ಏಳಬೇಕಾಗುತ್ತದೆ ಅಂತ ಅವರೇ ನೀರು ಬಿಟ್ಟಿರುತ್ತಾರೆ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ‘ನೀರು ಬೇಕಾ’ ಅಂತ ಕೇಳಬೇಡಿ. ಬೇಡ ಅಂತಾರೆ. ಲೋಟವನ್ನು ಕೈಗೇ ಕೊಡಿ. ಹೃದಯದ ಅಥವಾ ಕಿಡ್ನಿಯ ತೊಂದರೆಗೆ ಡಾಕ್ಟರು ನೀರಿಗೆ ಮಿತಿ ಹೇಳಿದ್ದರೆ ಆ ಮಿತಿಯೊಳಗೇ ಕೊಡಿ.

ಮೂತ್ರದ ಬಣ್ಣ ನೋಡಿ ತಿಳಿಯಬಹುದಾ?

ತಿಳಿ ಹಳದಿ ಇದ್ದರೆ ಸರಿ. ಕಡು ಹಳದಿಯಾಗಿ ಕಡಿಮೆ ಬರುತ್ತಿದ್ದರೆ ನೀರು ಸಾಲುತ್ತಿಲ್ಲ. ಬಿ ಕಾಂಪ್ಲೆಕ್ಸ್ ಮಾತ್ರೆ ತೆಗೆದುಕೊಂಡ ದಿನ ಬಣ್ಣ ಹೊಳೆಯುವ ಹಳದಿ ಆಗುತ್ತದೆ, ಅದಕ್ಕೆ ಹೆದರಬೇಡಿ. ಕೆಂಪಾಗಿ ಅಥವಾ ಕಾಫಿ ಡಿಕಾಕ್ಷನ್ ಹಾಗೆ ಬಂದರೆ ಡಾಕ್ಟರನ್ನು ನೋಡಲೇಬೇಕು. ನೀರು ಕುಡಿಯುವುದು ಕಡಿಮೆ ಇದ್ದರೂ ಮೂತ್ರ ನೀರಿನ ಹಾಗೆ ಬಿಳುಪಾಗಿ ಮೇಲಿಂದ ಮೇಲೆ ಹೋಗುತ್ತಿದ್ದರೆ, ಜೊತೆಗೆ ವಿಪರೀತ ದಾಹವಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ.

ಕಾಫಿ, ಟೀ ಕುಡಿದರೆ ಇರುವ ನೀರೂ ಹೋಗುತ್ತದಂತೆ, ಹೌದಾ?

ಇಲ್ಲ. ದಿನಾ ಕುಡಿಯುವವರಿಗೆ ಎರಡು ಮೂರು ಲೋಟ ಕಾಫಿಯೂ ನೀರಿನ ಲೆಕ್ಕಕ್ಕೇ ಸೇರುತ್ತದೆ. ನಮ್ಮ ಚಾರ್ಟಿನಲ್ಲೂ ಅದನ್ನು ಹಾಗೇ ಬರೆಯುತ್ತೇವೆ.

ಬಿಸಿಲಲ್ಲಿ ದುಡಿಯುವವರು ಏನು ಮಾಡಬೇಕು?

ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಅಂಥ ಬಿಸಿಲಲ್ಲಿ ಮೈಮುರಿದು ಕೆಲಸ ಮಾಡಿದರೆ ಒಂದು ಗಂಟೆಗೆ ಒಂದು ಲೀಟರ್ ಬೆವರು ಹರಿಯಬಹುದು. ಬೆವರು ಆರುವಾಗ ಮೈ ತಣ್ಣಗಾಗುತ್ತದೆ, ನಮ್ಮನ್ನು ಕಾಪಾಡುವುದು ಅದೇ. ಹಾಗಾಗಿ ಒಂದೇ ಸಲಕ್ಕೆ ಚೊಂಬುಗಟ್ಟಲೆ ಕುಡಿಯುವ ಬದಲು 15-20 ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯುತ್ತಿರಿ. ಬೆವರು ಉಪ್ಪುಪ್ಪಾಗಿರುವುದನ್ನು ನಾಲಿಗೆಯೇ ಹೇಳುತ್ತದೆ. ಆದ್ದರಿಂದ ಹೊತ್ತುಗಟ್ಟಲೆ ಬೆವರುವವರಿಗೆ ಬರೀ ನೀರು ಸಾಲದು. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ಹೊತ್ತಿಗೆ ಸರಿಯಾದ ಊಟ ಬೇಕು. ಹೊಲಕ್ಕೆ ಹೋಗುವಾಗ ಅಂಬಲಿ, ಮಜ್ಜಿಗೆ ಹೊತ್ತೊಯ್ಯುತ್ತಿದ್ದ ಹಿರಿಯರ ರೂಢಿ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ಬಿಸಿಲಲ್ಲಿದ್ದವರು ತೊದಲಿದರೆ, ಏನೇನೋ ಮಾತಾಡಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಬಿಸಿಲಾಘಾತ. ಕೂಡಲೇ ನೆರಳಿಗೆ ತಂದು ಮೈ ಪೂರ್ತಿ ನೀರು ಸುರಿಯಿರಿ, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಶ್ವಾಸಕ್ಕೆ ಹೋಗುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನೀರು ಕೈಗೆ ಸಿಗುವಂತಿದ್ದರೂ ಬೇಕೆಂದೇ ಕುಡಿಯದ ಹೆಣ್ಣುಮಕ್ಕಳು ಎಷ್ಟೋ ಜನ. ಹೊಲದಲ್ಲಿ ಮರೆ ಇಲ್ಲ. ಶಾಲೆಯ ಶೌಚಾಲಯಕ್ಕೆ ಚಿಲಕ ಇಲ್ಲ. ಫ್ಯಾಕ್ಟರಿಯಲ್ಲಿ ಎದ್ದು ಹೋಗಲು ಬಿಡುವಿಲ್ಲ. ಬೆಳಿಗ್ಗೆ ಒಂದು ಲೋಟ ಕುಡಿದು ಸಂಜೆವರೆಗೆ ತಡೆದುಕೊಂಡಿರುತ್ತಾರೆ. ಉರಿಮೂತ್ರ, ಮೂತ್ರದ ಸೋಂಕು, ತಲೆನೋವು ಅಂತ ಅವರು ನಮ್ಮಲ್ಲಿಗೆ ಬರುತ್ತಾರೆ. ‘ನೀರು ಜಾಸ್ತಿ ಕುಡಿಯಮ್ಮಾ’ ಅಂತ ಚೀಟಿಯಲ್ಲಿ ಬರೆದು ಕಳಿಸುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಅವರಿಗೆ ಮೊದಲು ಬೇಕಾಗಿರುವುದು ಚಿಲಕ ಇರುವ ಒಂದು ಬಾಗಿಲು.

ನೀರು ಜಾಸ್ತಿ ಕುಡಿದರೆ ಒಳ್ಳೆಯದೇ ಅಲ್ವಾ? ತೊಂದರೆ ಏನು?

ತೊಂದರೆ ಇದೆ. ಕಿಡ್ನಿ ಒಂದು ಗಂಟೆಗೆ ಹೆಚ್ಚೆಂದರೆ ಮುಕ್ಕಾಲರಿಂದ ಒಂದು ಲೀಟರ್ ನೀರನ್ನು ಹೊರಗೆ ಹಾಕಬಲ್ಲದು. ಅದಕ್ಕಿಂತ ಜೋರಾಗಿ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ನೆನೆಹಾಕಿದ ದ್ರಾಕ್ಷಿಯಂತೆ ಜೀವಕೋಶಗಳು ಊದುತ್ತವೆ. ಬೇರೆ ಅಂಗಗಳಿಗೆ ಹಿಗ್ಗಲು ಸ್ವಲ್ಪ ಜಾಗವಾದರೂ ಇದೆ. ಮಿದುಳು ಇರುವುದು ಬುರುಡೆಯ ಒಳಗೆ, ಅಲ್ಲಿ ಜಾಗ ಎಲ್ಲಿದೆ? ತಲೆನೋವು, ವಾಕರಿಕೆ, ಗಲಿಬಿಲಿ, ಕೊನೆಗೆ ಫಿಟ್ಸ್ ಕೂಡ ಬರಬಹುದು. 2002ರ ಬಾಸ್ಟನ್ ಮ್ಯಾರಥಾನ್ ಓಡಿದ 488 ಜನರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಕಡಿಮೆಯಿತ್ತು. ಓಟದ ಉದ್ದಕ್ಕೂ ಅತಿಯಾಗಿ ಕುಡಿದು ತೂಕ ಏರಿಸಿಕೊಂಡವರಲ್ಲೇ ಇದು ಹೆಚ್ಚು ಕಂಡಿತು.

ಮನೆಗಳಲ್ಲಿ ಇದು ಬೇರೆ ದಾರಿಯಲ್ಲಿ ಬರುತ್ತದೆ. ನಮ್ಮ ಅಪ್ಪನಿಗೆ ಆದದ್ದನ್ನೇ ಹೇಳುತ್ತೇನೆ. ಆಗ ಅವರಿಗೆ 74 ವರ್ಷ. ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ನಡೆಯುತ್ತಿತ್ತು. ಬಿಪಿ ಇದೆ ಅಂತ ಅಮ್ಮ ಸಾರಿಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದರು. ಬೇಸಿಗೆ ಅಂತ ನಾನು ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಸುತ್ತಿದ್ದೆ. ಮೂರೂ ಒಳ್ಳೆಯದಕ್ಕೇ ಮಾಡಿದ್ದು. ಹಸಿವಿಲ್ಲ ಅಂತ ಅವರು ಊಟವನ್ನೂ ಅರ್ಧ ಮಾಡಿದ್ದರು. ಒಂದು ದಿನ ನಡೆಯುವಾಗ ತೂರಾಡಿದರು. ಸಂಜೆ, ಎಂದೋ ತೀರಿಕೊಂಡ ದೊಡ್ಡಪ್ಪನನ್ನು ‘ಊಟಕ್ಕೆ ಕರಿ’ ಅಂದರು. ವಯಸ್ಸಿನ ಮರೆವು ಅಂದುಕೊಂಡು ನಾವು ಒಂದು ರಾತ್ರಿ ಸುಮ್ಮನಿದ್ದೆವು. ಬೆಳಿಗ್ಗೆ ಪರೀಕ್ಷೆ ಮಾಡಿಸಿದರೆ ಸೋಡಿಯಂ 116. ಎಷ್ಟೋ ಚಾರ್ಟ್ ಬರೆದ ನನಗೇ ಅದು ಹೊಳೆದಿರಲಿಲ್ಲ.

ಅದನ್ನು ಏರಿಸುವಾಗಲೂ ಆತುರ ಮಾಡುವಂತಿಲ್ಲ. ದಿನಕ್ಕೆ 8ರಿಂದ 10ಕ್ಕಿಂತ ಜಾಸ್ತಿ ಏರಿದರೆ ಮಿದುಳಿನ ನರಗಳಿಗೇ ಪೆಟ್ಟು ಬೀಳಬಹುದು. ಅಪ್ಪ ಐದು ದಿನ ಆಸ್ಪತ್ರೆಯಲ್ಲಿದ್ದು ಮೊದಲಿನಂತಾದರು. ನಿಮ್ಮ ಮನೆಯ ಹಿರಿಯರು ಇದ್ದಕ್ಕಿದ್ದಂತೆ ಗಲಿಬಿಲಿಗೊಂಡರೆ, ವಿಪರೀತ ಮಂಪರಾದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ಅದೇ ದಿನ ಡಾಕ್ಟರಿಗೆ ತೋರಿಸಿ, ಸೋಡಿಯಂ ನೋಡಿಸಿ. ಬಿಪಿಗೆ ಉಪ್ಪು ಕಡಿಮೆ ಮಾಡುವುದು ಸರಿಯಾದದ್ದೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಅಂತ. ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಪೂರ್ತಿ ನಿಲ್ಲಿಸಿ ಅಂತ ಅದರರ್ಥವಲ್ಲ.

ವಾಂತಿ ಭೇದಿಗೆ ಓಆರ್‌ಎಸ್ ಯಾಕೆ? ಬರೀ ನೀರು ಕೊಟ್ಟರೆ ಆಗದಾ?

ಓಆರ್‌ಎಸ್ ಅಂದರೆ ಉಪ್ಪು, ಗ್ಲೂಕೋಸ್ ಅಳತೆಯಲ್ಲಿ ಬೆರೆಸಿದ ಪುಡಿ, ನೀರಲ್ಲಿ ಕರಗಿಸಿ ಕುಡಿಸುವಂಥದ್ದು. ಅದೇ ಯಾಕೆ ಅನ್ನುವುದಕ್ಕೆ ಉತ್ತರ ಸ್ವಲ್ಪ ಉದ್ದ. ದಯವಿಟ್ಟು ಪೂರ್ತಿ ಓದಿ.

ನಾವು ಕುಡಿದದ್ದು, ಜೊಲ್ಲು, ಜಠರದ ರಸ, ಪಿತ್ತ ಎಲ್ಲ ಸೇರಿ ದಿನಕ್ಕೆ 8-9 ಲೀಟರ್ ನೀರು ಕರುಳಿಗೆ ಇಳಿಯುತ್ತದೆ. ಅಷ್ಟನ್ನೂ ಕರುಳು ಹೀರಿಕೊಂಡು, ಮಲದಲ್ಲಿ 100-200 ಮಿಲಿ ಮಾತ್ರ ಬಿಡುತ್ತದೆ. ಭೇದಿಯಾದಾಗ ಈ ಹೀರುವ ಕೆಲಸ ಕೆಡುತ್ತದೆ. ಕಾಲರಾದಲ್ಲಂತೂ ಕರುಳೇ ಉಪ್ಪು ನೀರನ್ನು ಸುರಿಯತೊಡಗುತ್ತದೆ, ಗಂಟೆಗೆ ಒಂದು ಲೀಟರಿನವರೆಗೂ ಹೋಗಬಹುದು. ಹೋಗುವುದು ನೀರು ಮಾತ್ರವಲ್ಲ, ಸೋಡಿಯಂ, ಪೊಟ್ಯಾಸಿಯಂ ಕೂಡ. ಬರೀ ನೀರು ಕೊಟ್ಟರೆ ಅರ್ಧ ನಷ್ಟವನ್ನು ಮಾತ್ರ ತುಂಬಿದ ಹಾಗೆ. ಆ ನೀರನ್ನೂ ಕರುಳು ಸರಿಯಾಗಿ ಹೀರುವುದಿಲ್ಲ.

ಆದರೆ ಕರುಳಿನಲ್ಲಿ ಒಂದು ದಾರಿ ಕಾಲರಾದಲ್ಲೂ ಕೆಡದೆ ಉಳಿದಿರುತ್ತದೆ. ಅಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಬಂದರೆ ಮಾತ್ರ ಪ್ರವೇಶ. ಅವೆರಡೂ ಒಳಗೆ ಹೋದರೆ ನೀರು ಅವುಗಳ ಹಿಂದೆಯೇ ಹೋಗುತ್ತದೆ. ಹೀಗೊಂದು ಜೋಡಿ ದಾರಿ ಇದೆ ಅಂತ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ವಿಜ್ಞಾನಿ ರಾಬರ್ಟ್ ಕ್ರೇನ್ ವಿವರಿಸಿದರು. 1968ರಲ್ಲಿ ಢಾಕಾದ ಕಾಲರಾ ಪ್ರಯೋಗಾಲಯದವರು ಕಾಲರಾ ರೋಗಿಗಳಿಗೆ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದಲೇ ಕೊಟ್ಟು ಫಲ ಕಂಡರು.

1971ರಲ್ಲಿ ಬಾಂಗ್ಲಾದೇಶದ ಯುದ್ಧ. ಗಡಿಯ ಈಚೆ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದಿತ್ತು. ಹಾಕಲು ಸಲೈನ್ ಬಾಟಲಿ ಸಾಲುತ್ತಿರಲಿಲ್ಲ, ಹಾಕುವ ಕೈಗಳೂ ಇರಲಿಲ್ಲ. ಕಲ್ಕತ್ತದಿಂದ ಹೋಗಿದ್ದ ಡಾ. ದಿಲೀಪ್ ಮಹಲನೋಬಿಸ್ ಒಂದು ಗಟ್ಟಿ ನಿರ್ಧಾರ ಮಾಡಿದರು. ಅಡುಗೆ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿ ಪೊಟ್ಟಣ ಕಟ್ಟಿಸಿದರು. ಅದನ್ನು ಡ್ರಮ್ಮಿನ ನೀರಲ್ಲಿ ಕರಗಿಸಿ, ಕುಡಿಸುವ ಕೆಲಸವನ್ನು ರೋಗಿಗಳ ಅಮ್ಮಂದಿರಿಗೆ, ಅಕ್ಕತಂಗಿಯರಿಗೇ ಒಪ್ಪಿಸಿದರು. ಅಲ್ಲಿಯವರೆಗೆ ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಅದರ ಮರುವರ್ಷ. ಬದುಕಿದ್ದಾಗಲೇ ಬರಬೇಕಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಓಆರ್‌ಎಸ್ ಹೇಗೆ ಕಲಸಬೇಕು? ಎಷ್ಟು ಕೊಡಬೇಕು?

ಪೊಟ್ಟಣದ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತದೆ. 1 ಲೀಟರಿನದೂ ಇದೆ, 200 ಮಿಲಿಯದೂ ಇದೆ. ದೊಡ್ಡ ಪೊಟ್ಟಣದಲ್ಲಿ ಒಂದೊಂದು ಚಮಚ ತೆಗೆದು ಲೋಟಕ್ಕೆ ಹಾಕುವುದು ತಪ್ಪು. ಅಳತೆಯೇ ಇದರ ಜೀವ. ನೀರು ಕಡಿಮೆ ಹಾಕಿದರೆ ಗಟ್ಟಿಯಾಗಿ ಭೇದಿ ಹೆಚ್ಚುತ್ತದೆ, ಮಗುವಿನ ಸೋಡಿಯಂ ಏರುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಇಡೀ ಪೊಟ್ಟಣ ಸುರಿದು ಕಲಸಿ, ಮುಚ್ಚಿಡಿ. 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿ. ಮೇಲೆ ಸಕ್ಕರೆ, ಹಾಲು, ಜ್ಯೂಸ್ ಏನೂ ಬೆರೆಸಬೇಡಿ.

ಪ್ರತಿ ಸಲ ಭೇದಿಯಾದ ಮೇಲೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, 2ರಿಂದ 10 ವರ್ಷದವರಿಗೆ 100ರಿಂದ 200 ಮಿಲಿ. ದೊಡ್ಡವರಿಗೆ ಬೇಕಾದಷ್ಟು. ಪುಟ್ಟ ಮಕ್ಕಳಿಗೆ ಚಮಚದಲ್ಲೇ ಕೊಡಿ. ವಾಂತಿ ಮಾಡಿಕೊಂಡರೆ 10 ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಕೊಡಿ. ಮೊಲೆಹಾಲು ನಿಲ್ಲಿಸಬೇಡಿ, ಊಟವನ್ನೂ ನಿಲ್ಲಿಸಬೇಡಿ. ‘ಹೊಟ್ಟೆಗೆ ರೆಸ್ಟ್ ಕೊಡೋಣ’ ಅಂತ ಮಗುವನ್ನು ಉಪವಾಸ ಕೆಡವುವುದು ನಮ್ಮಲ್ಲಿ ಇನ್ನೂ ಇದೆ. ಅದರಿಂದ ಮಗು ಸೊರಗುತ್ತದೆ ಅಷ್ಟೆ. ಜೊತೆಗೆ ಸತುವಿನ ಮಾತ್ರೆ, ಅಂದರೆ ಜಿಂಕ್, 14 ದಿನ ಕೊಡುತ್ತಾರೆ. ಭೇದಿ ಎರಡೇ ದಿನಕ್ಕೆ ನಿಂತರೂ ಪೂರ್ತಿ ಮುಗಿಸಿ. ಇವೆರಡನ್ನೂ ನಿಮ್ಮ ಊರಿನ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಪೊಟ್ಟಣ ಸಿಗಲೇ ಇಲ್ಲ ಅಂದರೆ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆ ಸವರಿದ ಅಳತೆಯಲ್ಲಿರಲಿ, ಗೋಪುರ ಮಾಡಬೇಡಿ. ಇದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲ. ಪೊಟ್ಟಣ ಸಿಗುವವರೆಗೆ ಮಾತ್ರ ಇದು.

ಅಂಗಡಿಯಲ್ಲಿ ಸಿಗುವ ಡಬ್ಬಿ ಪಾನೀಯಗಳೂ ಓಆರ್‌ಎಸ್ ತಾನೇ?

ಹೆಚ್ಚಿನವು ಅಲ್ಲ. ಅವುಗಳಲ್ಲಿ ಸಕ್ಕರೆ ಜಾಸ್ತಿ, ಸೋಡಿಯಂ ಕಡಿಮೆ. ಭೇದಿಯಲ್ಲಿರುವ ಮಗುವಿಗೆ ಕೊಟ್ಟರೆ ಕರುಳಿನಲ್ಲಿ ಉಳಿದ ಸಕ್ಕರೆ ನೀರನ್ನು ತನ್ನ ಕಡೆ ಎಳೆದು ಭೇದಿ ಇನ್ನೂ ಹೆಚ್ಚಾಗುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ದನಿ ಎತ್ತಿದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳು ಹೆಸರಿನಲ್ಲಿ ಓಆರ್‌ಎಸ್ ಅಂತ ಹಾಕಿಕೊಳ್ಳಬಾರದು ಅಂತ ಆದೇಶ ಮಾಡಿತು. ಆದರೂ ನೀವು ಪೊಟ್ಟಣವನ್ನು ತಿರುಗಿಸಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇರಬೇಕು. ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಇದು 2002ರಿಂದ ಇರುವ ಅಳತೆ.

ಎಳನೀರು, ಮಜ್ಜಿಗೆ, ಗಂಜಿ ಕೊಡಬಹುದಾ?

ಉಪ್ಪು ಹಾಕಿದ ಗಂಜಿ ತಿಳಿ, ಉಪ್ಪು ಹಾಕಿದ ಮಜ್ಜಿಗೆ ಎರಡೂ ಒಳ್ಳೆಯವು. ಭೇದಿ ಶುರುವಾದ ಕೂಡಲೇ ಮನೆಯಲ್ಲಿ ಕೊಡಬಹುದು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಓಆರ್‌ಎಸ್‌ಗಿಂತ ಕಡಿಮೆ. ಬಾಯಾರಿಕೆಗೆ ಚೆನ್ನ, ಜೋರು ಭೇದಿಗೆ ಅದೊಂದೇ ಸಾಲದು. ಕಿಡ್ನಿ ಕೆಲಸ ಕಡಿಮೆಯಾದವರು ಎಳನೀರನ್ನು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಅವರಲ್ಲಿ ಪೊಟ್ಯಾಸಿಯಂ ಹೊರಗೆ ಹೋಗದೆ ಏರಿ, ಹೃದಯದ ಬಡಿತವನ್ನೇ ಕೆಡಿಸಬಹುದು. ರೋಗಿಯನ್ನು ನೋಡಲು ಬರುವ ನೆಂಟರು ಪ್ರೀತಿಯಿಂದ ಎಳನೀರು ತರುತ್ತಾರೆ. ಡಯಾಲಿಸಿಸ್ ಮಾಡಿಸುವವರ ಹಾಸಿಗೆಯ ಪಕ್ಕದಿಂದ ಅದನ್ನು ಎತ್ತಿಡುವಾಗ ಅವರ ಮುಖ ಸಣ್ಣದಾಗುತ್ತದೆ. ಆದರೂ ಎತ್ತಿಡಲೇಬೇಕು.

ಸುಸ್ತಾಗಿದೆ, ಒಂದು ಗ್ಲೂಕೋಸ್ ಬಾಟಲಿ ಹಾಕಿಬಿಡಿ ಅಂತ ಕೇಳಬಹುದಾ?

ದಿನಾ ಕೇಳುತ್ತಾರೆ. ಆ ಬಾಟಲಿಯಲ್ಲಿ ಏನಿದೆ ನೋಡೋಣ. 5 ಪರ್ಸೆಂಟ್ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್, ಬಾಟಲಿಯ 500 ಮಿಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಐದಾರು ಚಮಚ ಅಷ್ಟೆ. ಎರಡು ಇಡ್ಲಿ ಇದಕ್ಕಿಂತ ಜಾಸ್ತಿ ಬಲ ಕೊಡುತ್ತದೆ. ಸಲೈನ್ ಆದರೆ ಲೀಟರಿಗೆ 9 ಗ್ರಾಂ ಉಪ್ಪು. 500 ಮಿಲಿಗೆ ನಾಲ್ಕೂವರೆ ಗ್ರಾಂ, ಅಂದರೆ ಹತ್ತಿರ ಹತ್ತಿರ ಒಂದು ದಿನದ ಉಪ್ಪು ಒಂದೇ ಬಾಟಲಿಯಲ್ಲಿ. ಹೃದಯ ಸೋತವರಿಗೆ ಇದೇ ಹೊರೆಯಾಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು.

ಬೇಕಾದವರಿಗೆ ಇದು ಜೀವವನ್ನೇ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. 1832ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲ್ಯಾಟ ಎಂಬ ವೈದ್ಯರು ಕಾಲರಾ ರೋಗಿಗಳ ನಾಳಕ್ಕೆ ಉಪ್ಪು ನೀರು ಹರಿಸಿದ ದಿನದಿಂದ ಅದು ನಿಜ. ಬಾಯಿಂದ ಕುಡಿಯಲಾಗದವರಿಗೆ, ಬಿಪಿ ಬಿದ್ದವರಿಗೆ ಅದು ಬೇಕು. ಕುಡಿಯಲು ಬರುವವರಿಗೆ ಬಾಯಿಯೇ ಸರಿಯಾದ ದಾರಿ.

ಕಾಲು ಊದಿದೆ. ನೀರು ಜಾಸ್ತಿಯಾಗಿದೆಯಾ? ಕುಡಿಯುವುದನ್ನು ಕಡಿಮೆ ಮಾಡಲಾ?

ಬೆರಳಿನಿಂದ ಒತ್ತಿದರೆ ಗುಳಿ ಬೀಳುವ ಊತ ಅಂದರೆ ಜೀವಕೋಶಗಳ ಸಂದಿಯಲ್ಲಿ ನೀರು ಸೇರಿದೆ ಅಂತ. ಮೈ ಪೂರ್ತಿ ಊದುವ ಕಾಯಿಲೆಗಳಲ್ಲಿ ಅದು ಕಣ್ಣಿಗೆ ಕಾಣುವ ಹೊತ್ತಿಗೆ ಎರಡೂವರೆ ಮೂರು ಲೀಟರ್ ಸೇರಿಬಿಟ್ಟಿರುತ್ತದೆ. ಕಾರಣ ಹಲವು. ಹೃದಯ ಸೋತಿರಬಹುದು. ಕಿಡ್ನಿಯಲ್ಲಿ ಪ್ರೋಟೀನ್ ಸೋರುತ್ತಿರಬಹುದು. ಲಿವರ್ ಕೆಟ್ಟಿರಬಹುದು. ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಾದರೂ ನೀರು ಆಚೆ ಜಾರುತ್ತದೆ. ಬಿಪಿಯ ಕೆಲವು ಮಾತ್ರೆಗಳಿಂದಲೂ ಪಾದ ಊದುತ್ತದೆ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅದು ರಕ್ತನಾಳ ಕಟ್ಟಿದ ಲಕ್ಷಣ ಇರಬಹುದು, ಅವತ್ತೇ ತೋರಿಸಿ. ಗರ್ಭಿಣಿಗೆ ಮುಖ, ಕೈ ಊದಿ ತಲೆನೋವು ಬಂದರೆ ಕೂಡಲೇ ಬಿಪಿ ನೋಡಿಸಬೇಕು.

ಇಂಥ ಊತದಲ್ಲಿ ಎಷ್ಟೋ ಸಲ ನೀರಿಗಿಂತ ಮೊದಲು ಕಡಿಮೆ ಮಾಡಬೇಕಾದದ್ದು ಉಪ್ಪು. ಒಂದು ಲೀಟರ್ ಸಲೈನಿನಲ್ಲಿ 9 ಗ್ರಾಂ ಉಪ್ಪಿದೆ ಅಂದೆನಲ್ಲ, ಮೈಯಲ್ಲೂ ಅದೇ ಲೆಕ್ಕ. ಹೊರಹೋಗದೆ ಉಳಿದ 9 ಗ್ರಾಂ ಉಪ್ಪು ಹತ್ತಿರ ಹತ್ತಿರ ಒಂದು ಲೀಟರ್ ನೀರನ್ನು ಹಿಡಿದಿಡುತ್ತದೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಬೇಕರಿ ತಿಂಡಿಯನ್ನು ಬಿಡದೆ ನೀರನ್ನು ಮಾತ್ರ ಬಿಟ್ಟರೆ ದಾಹ ಹೆಚ್ಚಾಗುತ್ತದೆಯೇ ಹೊರತು ಊತ ಇಳಿಯುವುದಿಲ್ಲ. ಹೃದಯದ ಕಾಯಿಲೆಯವರು ದಿನಾ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಗೋಡೆ ಕ್ಯಾಲೆಂಡರಿನಲ್ಲಿ ಬರೆಯಿರಿ. 3 ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, 2 ಲೀಟರ್ ನೀರು. ಉಸಿರು ಕಟ್ಟುವವರೆಗೆ ಕಾಯದೆ ಡಾಕ್ಟರಿಗೆ ತಿಳಿಸಿ.

ಕಿಡ್ನಿಯಲ್ಲಿ ಕಲ್ಲು ಆಗಿದ್ದವರು ಎಷ್ಟು ಕುಡಿಯಬೇಕು?

ಕುಡಿದದ್ದಕ್ಕಿಂತ ಹೋದದ್ದನ್ನು ಅಳೆಯಿರಿ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಬರುವಷ್ಟು ಕುಡಿಯಬೇಕು. ಊಟದ ಉಪ್ಪನ್ನೂ ಇಳಿಸಿ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ.

ಬೇಸಿಗೆಯಲ್ಲಿ ಹಸುಗೂಸಿಗೆ ನಾಲ್ಕು ಚಮಚ ನೀರು ಕುಡಿಸಬಹುದಾ?

6 ತಿಂಗಳು ತುಂಬುವವರೆಗೆ ಬೇಡ. ಎಂಥ ಬೇಸಿಗೆಯಾದರೂ ಬೇಡ. ಎದೆಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಇದೆ. ಬೇರೆ ನೀರು ಕೊಟ್ಟರೆ ಪುಟ್ಟ ಹೊಟ್ಟೆ ತುಂಬಿ ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ಸೋಂಕು ತಗಲುತ್ತದೆ, ಸೋಡಿಯಂ ಇಳಿಯುತ್ತದೆ. ಮಗುವಿಗೆ ಬಾಯಾರಿದೆ ಅನಿಸಿದರೆ ಎದೆಗೆ ಹಾಕಿಕೊಳ್ಳಿ. ನೀರು ಕುಡಿಯಬೇಕಾದವರು ನೀವು. ಭೇದಿಯಾದಾಗ ಡಾಕ್ಟರು ಹೇಳಿದ ಓಆರ್‌ಎಸ್ ಮಾತ್ರ ಇದಕ್ಕೆ ಹೊರತು.

ಯಾವಾಗ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕು?

ಮಗುವಿನ ಕಣ್ಣು ಗುಳಿಬಿದ್ದಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ, 6 ಗಂಟೆಯಿಂದ ಮೂತ್ರ ಮಾಡದಿದ್ದರೆ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಬಿಡಿ. ಥಟ್ಟನೆ ಹಿಂದಕ್ಕೆ ಹೋಗದೆ ಮಡಿಕೆ ನಿಧಾನವಾಗಿ ಇಳಿದರೆ ನೀರು ಬಹಳ ಹೋಗಿದೆ. ಮಗು ಏನು ಕೊಟ್ಟರೂ ಕುಡಿಯದಿದ್ದರೆ, ಎಬ್ಬಿಸಿದರೂ ಜೋತುಬಿದ್ದರೆ ಒಂದು ನಿಮಿಷವೂ ತಡಮಾಡಬೇಡಿ. ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಅಕ್ಕಿ ತೊಳೆದ ನೀರಿನಂಥ ಭೇದಿ ಇದ್ದರೂ ಹಾಗೆಯೇ. ದೊಡ್ಡವರಲ್ಲಿ ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಕೈಕಾಲು ತಣ್ಣಗಾಗುವುದು, ಅರ್ಧ ದಿನ ಮೂತ್ರವೇ ಬರದಿರುವುದು, ಮಾತು ತೊದಲುವುದು.

ಹೊರಡುವಾಗ ಓಆರ್‌ಎಸ್ ಬಾಟಲಿಯನ್ನು ಜೊತೆಗೆ ತೆಗೆದುಕೊಳ್ಳಿ. ಎಚ್ಚರವಿದ್ದು ನುಂಗಲು ಬರುತ್ತಿದ್ದರೆ ದಾರಿಯುದ್ದಕ್ಕೂ ಚಮಚ ಚಮಚವಾಗಿ ಕೊಡುತ್ತಲೇ ಇರಿ. ಎಷ್ಟು ಸಲ ಭೇದಿಯಾಯಿತು, ಕೊನೆಯ ಸಲ ಮೂತ್ರ ಯಾವಾಗ ಹೋಯಿತು, ಇಲ್ಲಿಯವರೆಗೆ ಎಷ್ಟು ಲೋಟ ಕುಡಿಸಿದಿರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ತಂದರೆ ನಮಗೆ ತುಂಬಾ ಸಹಾಯ. ಚಾರ್ಟಿನ ಮೊದಲ ಸಾಲನ್ನು ನಾವು ಅದನ್ನು ನೋಡಿಯೇ ಬರೆಯುತ್ತೇವೆ.